ನಡುಕವನ್ನು ಮುಪ್ಪಿನ ಖಾತೆಗೆ ಬರೆಯಬೇಡಿ

ಹಳೆಯ ಗಾಡಿ ಎಪ್ಪತ್ತರ ವೇಗ ಮುಟ್ಟಿದೊಡನೆ ನಡುಗತೊಡಗಿದರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಮನೆಯವರೂ ನೆಂಟರೂ ಹೇಳುವುದು, "ವಯಸ್ಸಾಯ್ತಲ್ಲ, ಇನ್ನೇನು ಮಾಡೋಕಾಗುತ್ತೆ." ಗ್ಯಾರೇಜಿನಲ್ಲಿ ಹೇಳುವುದು, "ಕ್ರಾಸ್ ಹೋಗಿರಬೇಕು ಸಾರ್, ಬದಲಾಯಿಸಿ ನೋಡೋಣ." ಎರಡನ್ನೂ ಹೇಳುವವರು ನಮ್ಮ ಹಿತ ಬಯಸುವವರೇ. ಎರಡನೆಯವರಿಗಂತೂ ಗಾಡಿಯ ಕೆಳಗೆ ಮಲಗಿ ಕಳೆದ ವರ್ಷಗಳ ಅನುಭವವಿದೆ. ಅವರ ಮೇಲಿನ ಗೌರವ ಇಟ್ಟುಕೊಂಡೇ ಎರಡೂ ಮಾತನ್ನು ಒಪ್ಪಲಾಗದು ಎನ್ನಬೇಕಾಗಿದೆ. ಮುಪ್ಪು ಗಾಡಿಯ ಯಾವ ಭಾಗವೂ ಅಲ್ಲ. ಅದನ್ನು ಬಿಚ್ಚಲಾಗದು, ಅಳೆಯಲಾಗದು. ನಡುಗಿಸುವುದು ತಿರುಗುತ್ತಿರುವ ಯಾವುದೋ ಒಂದು ವಸ್ತು. ಅದರ ತೂಕ ಒಂದು ಮಗ್ಗುಲಿಗೆ ಹೆಚ್ಚಾಗಿರುತ್ತದೆ, ಇಲ್ಲವೇ ಅದು ಸರಿಯಾಗಿ ಗುಂಡಗಿರುವುದಿಲ್ಲ, ಇಲ್ಲವೇ ಅದು ಕೂತ ಕೋನ ತಪ್ಪಿರುತ್ತದೆ. ಇಪ್ಪತ್ತೈದು ವರ್ಷದ ಗಾಡಿಯಲ್ಲಿ ಇಂಥ ದೋಷಗಳು ಹುಟ್ಟುವ ಸಂಭವ ಹೆಚ್ಚು, ನಿಜ. ಆದರೆ ಹುಟ್ಟಿದ ಮೇಲೆ ಅವಕ್ಕೆ ಜಾಗ ಇದೆ, ಅಳತೆ ಇದೆ, ಕಾರಣ ಇದೆ.

"ಬದಲಾಯಿಸಿ ನೋಡೋಣ" ಎಂಬ ಮಾತಿನ ಮೇಲೆ ನನ್ನ ಆಕ್ಷೇಪ ಇನ್ನೂ ಆಳದ್ದು. ಅದು ಪ್ರಯೋಗದ ಹಾಗೆ ಕಾಣುತ್ತದೆ, ಆದರೆ ಪ್ರಯೋಗವಲ್ಲ. ಏಕೆ ಎನ್ನುವ ಮೊದಲು ಗಾಡಿಯ ಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ನೋಡೋಣ.

ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ ಇರುವ ಗಾಡಿಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಸಾಕಷ್ಟಿವೆ. ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಂತರೂ ಅಂಬಾಸಡರ್ ಇಟ್ಟುಕೊಂಡವರಿದ್ದಾರೆ. ನಮ್ಮ ಬಿಡದಿಯಿಂದಲೇ 2000ದಿಂದ 2005ರವರೆಗೆ ಹೊರಬಂದ ಕ್ವಾಲಿಸ್‌ಗಳು ಓಡುತ್ತಿವೆ. ಬೊಲೆರೊ ಇಲ್ಲದ ಊರಿಲ್ಲ. ಇವುಗಳಲ್ಲಿ ಎಂಜಿನ್ನಿನ ಸುತ್ತು ಕ್ಲಚ್ ದಾಟಿ ಗೇರ್ ಬಾಕ್ಸಿಗೆ ಬರುತ್ತದೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಕ್ರಾಸ್ ಇರುತ್ತದೆ. ಹಿಂದೆ ಹೌಸಿಂಗಿನೊಳಗೆ ಪಿನಿಯನ್ನು ಕ್ರೌನ್ ವೀಲನ್ನು ತಿರುಗಿಸುತ್ತದೆ, ಅದು ಆಕ್ಸಲನ್ನು, ಆಕ್ಸಲ್ ಚಕ್ರವನ್ನು. ಈ ದಾರಿಯಲ್ಲಿ ಬೇರೆ ಬೇರೆ ವಸ್ತುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಪತ್ತೆಯ ಕೆಲಸವೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ.

ಒಂದು ಲೆಕ್ಕ ಹಾಕೋಣ. ಈ ಅಳತೆಯ ಗಾಡಿಗಳ ಟೈರು ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ಸಾಗುತ್ತದೆ. ಗಂಟೆಗೆ 72 ಕಿಲೋಮೀಟರ್ ಎಂದರೆ ಸೆಕೆಂಡಿಗೆ 20 ಮೀಟರ್. ಅಂದರೆ ಆ ವೇಗದಲ್ಲಿ ಚಕ್ರ ಸೆಕೆಂಡಿಗೆ 10 ಸುತ್ತು ಸುತ್ತುತ್ತದೆ. ಹಿಂದಿನ ಹೌಸಿಂಗಿನ ಅನುಪಾತ ನಾಲ್ಕೂವರೆ ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟು ಸೆಕೆಂಡಿಗೆ 45 ಸುತ್ತು ಸುತ್ತುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ನಿಗೂ ಶಾಫ್ಟಿಗೂ ನೇರ ಸಂಬಂಧ ಇರುವ ಹಳೆಯ ನಾಲ್ಕು ಗೇರಿನ ಗಾಡಿಯಾದರೆ ಎಂಜಿನ್ನಿನದೂ 45, ನಿಮಿಷದ ಲೆಕ್ಕದಲ್ಲಿ 2700. ನಿಮ್ಮ ಗಾಡಿಯ ಅನುಪಾತ ಗೊತ್ತಿಲ್ಲದಿದ್ದರೆ ಹೌಸಿಂಗ್ ಬಿಚ್ಚಬೇಕಾಗಿಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಒಂದೇ ಚಕ್ರ ಎತ್ತಿ, ಅದನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತಿತೋ ಅದೇ ಅನುಪಾತ. ಎರಡು ಸುತ್ತು ಏಕೆಂದರೆ ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವಾಗ ಡಿಫರೆನ್ಶಿಯಲ್ಲು ಎತ್ತಿದ ಚಕ್ರವನ್ನು ಕ್ರೌನ್ ವೀಲಿನ ಇಮ್ಮಡಿ ವೇಗದಲ್ಲಿ ತಿರುಗಿಸುತ್ತದೆ.

ಈಗ ನಡುಕದ ಕಡೆ ಗಮನ ಕೊಡಿ. ಸೆಕೆಂಡಿಗೆ 10 ಸಲದ ನಡುಕವನ್ನು ಮೈ ಕುಲುಕಾಟವೆಂದು ಗುರುತಿಸುತ್ತದೆ. ಅದು ಸ್ಟಿಯರಿಂಗಿನಲ್ಲಿ ಕಾಣುತ್ತದೆ, ಸೀಟಿನಲ್ಲಿ ಗೊತ್ತಾಗುತ್ತದೆ, ಬಾಟಲಿಯ ನೀರು ಅಲುಗುತ್ತದೆ. ಸೆಕೆಂಡಿಗೆ 45 ಸಲದ್ದು ಕುಲುಕಾಟವಲ್ಲ, ಗುಂಯ್ ಎನ್ನುವ ನಡುಕ. ಪಾದದ ಕೆಳಗಿನ ತಗಡು ಜುಮ್ಮೆನ್ನುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗುತ್ತದೆ. 90 ಸಲದ್ದಾದರೆ ಮೈಗಿಂತ ಕಿವಿಗೇ ಹೆಚ್ಚು ತಿಳಿಯುತ್ತದೆ. ಇಷ್ಟನ್ನು ಹೇಳಲು ಯಾವ ಯಂತ್ರವೂ ಬೇಡ. ಕುಲುಕುತ್ತಿರುವ ಗಾಡಿಯ ಕ್ರಾಸ್ ಬಿಚ್ಚುವುದಾಗಲಿ, ಗುಂಯ್‌ಗುಡುವ ಗಾಡಿಯ ಚಕ್ರಕ್ಕೆ ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುವುದಾಗಲಿ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದಂತೆ.

ಚಿಕ್ಕ ತೂಕ ಎಷ್ಟು ಬಲ ಹುಟ್ಟಿಸುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ಅಂದಾಜು ಇಲ್ಲಿ ಬಹಳ ತಪ್ಪುತ್ತದೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸವಿದ್ದರೆ 72ರ ವೇಗದಲ್ಲಿ ಅದು ಎಳೆಯುವ ಬಲ ಹೆಚ್ಚೂಕಡಿಮೆ ಎರಡೂಕಾಲು ಕಿಲೋ ತೂಕದಷ್ಟು. ಪ್ರೊಪೆಲ್ಲರ್ ಶಾಫ್ಟಿನ ಮೈಮೇಲೆ, ನಡುವಿನಿಂದ 4 ಸೆಂಟಿಮೀಟರ್ ದೂರದಲ್ಲಿ, ಬರೀ 10 ಗ್ರಾಂ ಹೆಚ್ಚಿದ್ದರೆ ಅದೇ ವೇಗದಲ್ಲಿ ಮೂರು ಕಿಲೋಗಿಂತ ಹೆಚ್ಚಿನ ಎಳೆತ, ಅದೂ ಸೆಕೆಂಡಿಗೆ 45 ಸಲ. ಬಲ ಸುತ್ತಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಚಿಕ್ಕ ಸುತ್ತಳತೆಯ ಶಾಫ್ಟು ದೊಡ್ಡ ಚಕ್ರವನ್ನು ಮೀರಿಸುವುದು ಹೀಗೆ. ಶಾಫ್ಟಿನ ಮೇಲೆ ಬೆಸುಗೆ ಹಾಕಿದ ಚಿಕ್ಕ ತಗಡಿನ ತುಂಡುಗಳನ್ನು ನೋಡಿರಬಹುದು. ಅವು ಕಾರ್ಖಾನೆಯಲ್ಲಿ ತೂಕ ಸರಿದೂಗಿಸಲು ಹಾಕಿದವು. ಅದರಲ್ಲೊಂದು ಉದುರಿದರೆ, ಅಥವಾ ಕೆಳಮೈಗೆ ತುಕ್ಕು ತಡೆಯ ಲೇಪನ ಹೊಡೆಸುವಾಗ ಶಾಫ್ಟಿನ ಒಂದು ಮಗ್ಗುಲಿಗೆ ದಪ್ಪನಾಗಿ ಹತ್ತಿಕೊಂಡರೆ, ಹೊಸ ನಡುಕ ಹುಟ್ಟುತ್ತದೆ. ಕ್ರಾಸಿಗೂ ಮುಪ್ಪಿಗೂ ಅದರಲ್ಲಿ ಪಾತ್ರವೇ ಇಲ್ಲ.

ಲೆಕ್ಕ ಒಂದೇ ಸಾಲದು ಎಂಬುದನ್ನೂ ಒಪ್ಪಬೇಕು. ಕ್ರಾಸ್ ಎಂಬ ಕೀಲಿಗೆ ಇಟಲಿಯ ಕಾರ್ಡಾನೊ ಹೆಸರೂ ಇದೆ, ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರೂ ಇದೆ. 16, 17ನೇ ಶತಮಾನದ ಆ ಕೀಲಿನ ಸ್ವಭಾವ ವಿಚಿತ್ರವಾದದ್ದು. ಓರೆಯಾಗಿ ಕೂತ ಕ್ರಾಸಿಗೆ ಒಂದೇ ಸಮನೆ ಸುತ್ತು ಕೊಟ್ಟರೂ ಅದು ಆಚೆಗೆ ಒಂದೇ ಸಮನೆ ಕೊಡುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಶಾಫ್ಟು 45 ಸುತ್ತುವಾಗ ಈ ಏರಿಳಿತ ಸೆಕೆಂಡಿಗೆ 90 ಸಲ. ನಾಲ್ಕು ಸಿಲಿಂಡರಿನ ಎಂಜಿನ್ನು ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ. ನೇರ ಟಾಪ್ ಗೇರಿನಲ್ಲಿ ಅದೂ ಸೆಕೆಂಡಿಗೆ 90. ಅಂದರೆ ಕ್ರಾಸಿನ ಕೋನದ ದೋಷವೂ ಎಂಜಿನ್ನಿನ ಹೊಡೆತವೂ ಒಂದೇ ಸಂಖ್ಯೆಯಲ್ಲಿ ಮಾತಾಡುತ್ತವೆ. ಬೇರ್ಪಡಿಸುವುದು ಹೇಗೆ? ಖಾಲಿ ನೇರ ರಸ್ತೆಯಲ್ಲಿ ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಬನ್ನಿ. ಎಂಜಿನ್ನು ಹೆಚ್ಚು ಸುತ್ತುತ್ತದೆ, ಶಾಫ್ಟು ಮಾತ್ರ ಅದೇ 45. ನಡುಕದ ಸ್ವರ ಬದಲಾದರೆ ದೋಷ ಗೇರ್ ಬಾಕ್ಸಿನ ಮುಂದೆ, ಬದಲಾಗದಿದ್ದರೆ ಹಿಂದೆ.

ಇಲ್ಲಿ ನಮ್ಮ ಚಾಲಕರಲ್ಲಿ ಬಲವಾಗಿ ಬೇರೂರಿದ ಒಂದು ನಂಬಿಕೆಯನ್ನು ಅಲ್ಲಗಳೆಯಬೇಕಾಗುತ್ತದೆ. ಕ್ಲಚ್ ಒತ್ತಿದಾಗ ನಡುಕ ನಿಂತರೆ ದೋಷ ಎಂಜಿನ್ನಿನದು ಎಂಬ ನಂಬಿಕೆ. ಅರ್ಧ ನಿಜ. ಕ್ಲಚ್ ಒತ್ತಿದಾಗ ಎರಡು ಸಂಗತಿ ಒಟ್ಟಿಗೆ ಬದಲಾಗುತ್ತವೆ: ಎಂಜಿನ್ನಿನ ಸುತ್ತು ಇಳಿಯುತ್ತದೆ, ಶಾಫ್ಟಿನ ಮೂಲಕ ಹೋಗುತ್ತಿದ್ದ ಎಳೆತವೂ ನಿಲ್ಲುತ್ತದೆ. ಸವೆದ ಕ್ರಾಸ್, ಸಡಿಲ ಪಿನಿಯನ್, ಕುಸಿದ ಗೇರ್ ಬಾಕ್ಸ್ ಮೌಂಟಿಂಗ್ ಇವೆಲ್ಲ ಎಳೆತ ಇದ್ದಾಗ ನಡುಗಿ ಎಳೆತ ನಿಂತಾಗ ಸುಮ್ಮನಾಗಬಲ್ಲವು. ಕ್ಲಚ್ ಒತ್ತಿದರೂ ನಡುಕ ಉಳಿದರೆ ಉತ್ತರ ಸ್ಪಷ್ಟ: ಎಂಜಿನ್ ಬಿಡಿ, ಹಿಂದಕ್ಕೆ ಹೋಗಿ. ನಿಂತರೆ ಮಾತ್ರ ಮೇಲೆ ಹೇಳಿದ ಮೂರನೇ ಗೇರಿನ ಪರೀಕ್ಷೆ ಮಾಡದೆ ಎಂಜಿನ್ನಿನ ಮೇಲೆ ಆರೋಪ ಹೊರಿಸುವ ಹಾಗಿಲ್ಲ.

ಇನ್ನು ಮೊಬೈಲು. ನಡುಕ ಅಳೆಯುವ ಆ್ಯಪ್‌ಗಳಿವೆ, ಉಪಯುಕ್ತವೇ. ಹೊಸ ತಲೆಮಾರಿನ ಗೆಳೆಯರು ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ ಪರದೆಯಲ್ಲಿ ಕಂಡ ಸಂಖ್ಯೆಯನ್ನೇ ತೀರ್ಪೆಂದು ತರುತ್ತಾರೆ. ಮೇಸ್ತ್ರಿಯ ಮಾತನ್ನು ಪ್ರಶ್ನಿಸುವವರು ಮೊಬೈಲಿನ ಮಾತನ್ನು ಏಕೆ ಪ್ರಶ್ನಿಸಬಾರದು? ಆ್ಯಪ್ ಸೆಕೆಂಡಿಗೆ 100 ಸಲ ಓದುವಂತೆ ಇದ್ದರೆ ಅದು ನೆಚ್ಚಿಕೆಯಿಂದ ಹೇಳಬಲ್ಲದ್ದು 50ರ ಒಳಗಿನ ನಡುಕವನ್ನು ಮಾತ್ರ. ಅದಕ್ಕಿಂತ ವೇಗದ್ದನ್ನು ಸೋಸಿ ತೆಗೆಯುವ ವ್ಯವಸ್ಥೆ ಸರಿಯಿಲ್ಲದಿದ್ದರೆ 90ರ ನಡುಕ ಪರದೆಯಲ್ಲಿ 10 ಎಂದು ಕಾಣಿಸಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ 10 ಎಂದರೆ ಚಕ್ರ! ಕ್ರಾಸಿನ ತಪ್ಪಿಗೆ ಟೈರಿಗೆ ದಂಡ. ಇದನ್ನು ಪತ್ತೆಹಚ್ಚುವುದು ಸುಲಭ. ವೇಗವನ್ನು 72ರಿಂದ 76ಕ್ಕೆ ಏರಿಸಿ. ನಿಜವಾಗಿ ಚಕ್ರದ್ದೇ ಆಗಿದ್ದರೆ ಓದು ಹತ್ತೂವರೆಗೆ ಏರುತ್ತದೆ. ಸುಳ್ಳು ಓದಾದರೆ 5ಕ್ಕೆ ಇಳಿಯುತ್ತದೆ, ಏಕೆಂದರೆ ಅದು ತೋರಿಸುತ್ತಿರುವುದು 95 ಮತ್ತು 100ರ ನಡುವಿನ ಅಂತರವನ್ನು.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕ್ರಾಸ್ ಬದಲಾಯಿಸಿದರು, ನಡುಕ ನಿಂತಿತು. ಆದ್ದರಿಂದ ಹಳೆಯ ಕ್ರಾಸ್ ಕೆಟ್ಟಿತ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ ಎನ್ನುತ್ತಾರೆ. ಬೇಕು. ಕ್ರಾಸ್ ಬದಲಿಸಲು ಶಾಫ್ಟನ್ನು ಕೆಳಗಿಳಿಸಬೇಕು. ಇಳಿಸುವಾಗ ಹಿಂದಿನ ಫ್ಲ್ಯಾಂಜಿನ ನಾಲ್ಕು ಬೋಲ್ಟ್ ಬಿಚ್ಚುತ್ತಾರೆ, ಮುಂದಿನ ಜಾರುವ ತುದಿಯನ್ನು ಹಲ್ಲುಗಳಿಂದ ಹೊರಗೆಳೆಯುತ್ತಾರೆ. ಮತ್ತೆ ಕೂರಿಸುವಾಗ ಫ್ಲ್ಯಾಂಜು ಹಳೆಯ ಜಾಗದಲ್ಲೇ ಕೂತೀತು, ಅರ್ಧ ಸುತ್ತು ತಿರುಗಿಯೂ ಕೂತೀತು. ಶಾಫ್ಟಿಗೂ ಪಿನಿಯನ್ ಫ್ಲ್ಯಾಂಜಿಗೂ ತಲಾ ಒಂದಿಷ್ಟು ತೂಕದ ವಾಲಿಕೆ ಇರುತ್ತದೆ. ಎರಡೂ ಒಂದೇ ಕಡೆ ಬಂದರೆ ಕೂಡಿಕೊಳ್ಳುತ್ತವೆ, ಎದುರುಬದುರು ಬಂದರೆ ಒಂದನ್ನೊಂದು ಕಳೆಯುತ್ತವೆ. ಆದ್ದರಿಂದ ಹಳೆಯ ಕ್ರಾಸನ್ನೇ ಇಟ್ಟುಕೊಂಡು ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೂ ಕೆಲವು ಗಾಡಿಗಳ ನಡುಕ ನಿಲ್ಲುತ್ತದೆ. ಹೊಸ ಕ್ರಾಸಿಗೆ ಸಂದ ಕೀರ್ತಿ ಬೋಲ್ಟಿನ ಜಾಗಕ್ಕೆ ಸಲ್ಲಬೇಕಾಗಿದ್ದಿರಬಹುದು. ಒಂದೇ ಸಲಕ್ಕೆ ನಾಲ್ಕು ಸಂಗತಿ ಬದಲಿಸಿ ಅದರಲ್ಲೊಂದಕ್ಕೆ ಫಲವನ್ನು ಕಟ್ಟುವುದು ವಿಚಾರವಲ್ಲ, ನಂಬಿಕೆ. ಹರಕೆ ಹೊತ್ತ ವಾರದಲ್ಲೇ ಜ್ವರ ಇಳಿದದ್ದನ್ನು ಹರಕೆಯ ಫಲ ಎನ್ನಲು ಹಿಂಜರಿಯುವ ನಾವು ಗ್ಯಾರೇಜಿಗೆ ಬಂದಾಗ ಆ ಹಿಂಜರಿಕೆಯನ್ನು ಹೊರಗೆ ಬಿಡುತ್ತೇವೆ.

ವಿರುದ್ಧ ದಿಕ್ಕಿನ ತಪ್ಪು ಇನ್ನೂ ದುಬಾರಿ. ಹೊಸ ಕ್ರಾಸ್ ಹಾಕಿದರು, ನಡುಕ ಹೋಗಲಿಲ್ಲ. ಹಾಗಾದರೆ ಕ್ರಾಸಿನದಲ್ಲ, ಮುಂದಕ್ಕೆ ಹೋಗೋಣ ಎಂದು ಸೆಂಟರ್ ಬೇರಿಂಗ್ ಇರುವ ಗಾಡಿಯಾದರೆ ಅದಕ್ಕೂ, ಆಮೇಲೆ ಹೌಸಿಂಗಿಗೂ ಕೈ ಹಾಕುತ್ತಾರೆ. ಹಾಗೆ ಮುಂದಕ್ಕೆ ಹೋಗುವ ಮೊದಲು ಶಾಫ್ಟಿನ ಎರಡು ತುದಿಯ ಕವಲುಗಳನ್ನು ನೋಡಬೇಕು. ಅವೆರಡೂ ಒಂದೇ ಸಮತಲದಲ್ಲಿ ಕೂರಬೇಕು. ಆಗ ಮಾತ್ರ ಮುಂದಿನ ಕ್ರಾಸಿನ ಏರಿಳಿತವನ್ನು ಹಿಂದಿನ ಕ್ರಾಸು ಕಳೆಯುತ್ತದೆ. ಜಾರುವ ತುದಿ ಎರಡು ತುಂಡಾಗಿ ಬಿಚ್ಚುವಂಥ ಶಾಫ್ಟುಗಳಲ್ಲಿ ಒಂದೆರಡು ಹಲ್ಲು ಆಚೀಚೆ ಕೂರಿಸಿದರೂ ಆ ಹೊಂದಾಣಿಕೆ ಕೆಡುತ್ತದೆ. ಅದಕ್ಕೇ ತಯಾರಕರು ಎರಡೂ ತುಂಡಿನ ಮೇಲೆ ಬಾಣದ ಗುರುತು ಹೊಡೆದಿರುತ್ತಾರೆ. ವರ್ಷಗಳ ಗ್ರೀಸು, ಕೆಸರಿನ ಅಡಿಯಲ್ಲಿ ಆ ಬಾಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೆಯ ದೋಷ ಹೋಗಿ ಅದರ ಜಾಗದಲ್ಲಿ ಹೊಸ ದೋಷ ಕೂತಿದೆ, ನಡುಕ ಹಾಗೇ ಇದೆ. ನೋಡುವವರಿಗೆ ಏನೂ ಬದಲಾಗಿಲ್ಲ ಎಂದೇ ಅನಿಸುತ್ತದೆ. ಜೆ.ಸಿ. ರಸ್ತೆಯಿಂದ ತಂದ ಸಾಮಾನು ಕಂಪನಿಯದೋ ಡುಪ್ಲಿಕೇಟೋ ಎಂಬ ಚರ್ಚೆ ಆಗ ಶುರುವಾಗುತ್ತದೆ. ಬಾಣ ನೋಡಿದ್ದರೆ ಆ ಚರ್ಚೆ ಬೇಕಿರಲಿಲ್ಲ.

ಕೋನದ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಕಡೆಯ ಗಾಡಿಗಳಲ್ಲಿ ಇದನ್ನು ನಾವೇ ಕೈಯಾರೆ ಕೆಡಿಸುತ್ತೇವೆ. ಕ್ರಾಸ್ 3 ಡಿಗ್ರಿ ಓರೆಯಾಗಿದ್ದರೆ ವೇಗದ ಏರಿಳಿತ ಶೇಕಡ 0.14ರಷ್ಟು. 10 ಡಿಗ್ರಿಯಾದರೆ ಶೇಕಡ 1.5. ಕೋನ ಮೂರುಪಟ್ಟು ಚಿಲ್ಲರೆ ಏರಿದರೆ ದೋಷ ಹತ್ತುಪಟ್ಟು ಮೀರುತ್ತದೆ. ಅಂಬಾಸಡರ್, ಬೊಲೆರೊಗಳ ಹಿಂದಿನ ಆಕ್ಸಲ್ಲು ಕೂತಿರುವುದು ಲೀಫ್ ಸ್ಪ್ರಿಂಗಿನ ಮೇಲೆ. ಹೆಚ್ಚು ಹೊರೆ ಹೊರಲೆಂದು ಒಂದು ಪಟ್ಟಿ ಹೆಚ್ಚಿಗೆ ಸೇರಿಸುತ್ತಾರೆ, ಕುಸಿದ ಕಮಾನನ್ನು ಬಡಿಸಿ ಎತ್ತರಿಸುತ್ತಾರೆ. ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಶಾಫ್ಟಿನ ಎರಡು ತುದಿಯ ಕೋನಗಳೂ ಬದಲಾದವು. ಹೌಸಿಂಗಿನ ಮೂಗು ಒಂದಿಷ್ಟು ಮೇಲಕ್ಕೋ ಕೆಳಕ್ಕೋ ವಾಲಿದರೆ ಎರಡು ಕೋನಗಳು ಸಮ ಇರಬೇಕೆಂಬ ನಿಯಮವೂ ಮುರಿಯಿತು. ಕಮಾನು ಮಾಡಿಸಿದ್ದು ಸಂಕ್ರಾಂತಿಗೆ, ಗಾಡಿ ನಡುಗಲು ಶುರುವಾದದ್ದು ಯುಗಾದಿಯ ಪ್ರಯಾಣದಲ್ಲಿ. ಇವೆರಡಕ್ಕೂ ಸಂಬಂಧ ಕಲ್ಪಿಸುವವರು ಕಡಿಮೆ. ಗ್ಯಾರೇಜಿಗೆ ಹೋದಾಗ "ಇತ್ತೀಚೆಗೆ ಏನು ಕೆಲಸ ಮಾಡಿಸಿದ್ರಿ" ಎಂದು ಕೇಳುವ ಮೇಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ. ಕೋನ ಅಳೆಯಲು ದುಬಾರಿ ಸಲಕರಣೆಯೂ ಬೇಡ, ಬಡಗಿಗಳು ಬಳಸುವ ಡಿಜಿಟಲ್ ಮಟ್ಟಗೋಲು ಸಾಕು. ಆದರೆ ಗಾಡಿ ತನ್ನ ತೂಕವನ್ನು ತನ್ನ ಚಕ್ರದ ಮೇಲೆ ಹೊತ್ತು ನಿಂತಿರುವಾಗಲೇ ಅಳೆಯಬೇಕು. ಚಾಸಿಗೆ ಜಾಕು ಕೊಟ್ಟು ಆಕ್ಸಲ್ಲನ್ನು ಜೋತುಬಿಟ್ಟು ಅಳೆದ ಕೋನ ರಸ್ತೆಯ ಮೇಲಿನ ಕೋನವೇ ಅಲ್ಲ.

ಟೈರಿನ ಬಗ್ಗೆ ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೇವೆ. "ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಿದೆ, ಆದ್ದರಿಂದ ಟೈರಿನದಲ್ಲ" ಎಂಬ ವಾಕ್ಯವನ್ನು ಎಷ್ಟೋ ಜನ ವಿಶ್ವಾಸದಿಂದ ಹೇಳುತ್ತಾರೆ. ಅಲೈನ್‌ಮೆಂಟ್ ಎಂದರೆ ಚಕ್ರ ನಿಂತ ಕೋನ. ಅದು ಸುತ್ತುವ ವಸ್ತುವಲ್ಲ, ಸುತ್ತಿಗೊಮ್ಮೆ ಬರುವ ನಡುಕವನ್ನು ಅದು ನೇರವಾಗಿ ಹುಟ್ಟಿಸಲಾರದು. ಟೈರನ್ನು ಅಡ್ಡಾದಿಡ್ಡಿ ಸವೆಸಿ, ಆ ಸವೆತದ ಮೂಲಕ ನಡುಗಿಸಬಹುದು ಅಷ್ಟೇ. ಬ್ಯಾಲೆನ್ಸಿಂಗ್ ಯಂತ್ರವಾದರೋ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ ತೂಕವನ್ನು ನೋಡುತ್ತದೆ. ರಸ್ತೆಯಲ್ಲಿ ಟೈರಿನ ಮೇಲೆ ನೂರಾರು ಕಿಲೋ ಹೊರೆ ಇರುತ್ತದೆ. ಒಳಗಿನ ಪದರ ಬಿಟ್ಟುಕೊಂಡ ಟೈರು, ಒಂದು ಕಡೆ ಗಡುಸಾಗಿ ಇನ್ನೊಂದು ಕಡೆ ಮೆದುವಾದ ಟೈರು, ಸ್ವಲ್ಪ ಅಂಡಾಕಾರವಾದ ಟೈರು ಇವೆಲ್ಲ ಯಂತ್ರದ ಮೇಲೆ ಸೊನ್ನೆ ತೋರಿಸಿ ರಸ್ತೆಯ ಮೇಲೆ ಕುಲುಕಬಲ್ಲವು. ಹಳೆಯ ಗಾಡಿಗಳಿಗೆ ಇದು ಹೆಚ್ಚು ಅನ್ವಯ. ಅವು ಕಡಿಮೆ ಓಡುತ್ತವೆ, ಹೆಚ್ಚು ನಿಲ್ಲುತ್ತವೆ. ಟೈರಿನ ಗುಂಡಿ ಆಳವಾಗಿಯೇ ಇರುತ್ತದೆ, ರಬ್ಬರಿಗೆ ಮಾತ್ರ ಹತ್ತು ವರ್ಷ ಆಗಿರುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಪರೀಕ್ಷೆಗೆ ಖರ್ಚಿಲ್ಲ: ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ. ನಡುಕ ಸೀಟಿನಿಂದ ಸ್ಟಿಯರಿಂಗಿಗೆ ವಲಸೆ ಹೋದರೆ ಅದು ಚಕ್ರದ ಜೊತೆಯಲ್ಲೇ ಹೋಯಿತು ಎಂದರ್ಥ. ಮಲೆನಾಡಿನ ಮಳೆಗಾಲದಲ್ಲಾದರೆ ಇದಕ್ಕೂ ಮೊದಲು ರಿಮ್ಮಿನ ಒಳಮಗ್ಗುಲನ್ನು ತೊಳೆಯಿರಿ. ಅಲ್ಲಿ ಒಣಗಿ ಹತ್ತಿಕೊಂಡ ಕೆಸರು 30 ಗ್ರಾಮಿಗಿಂತ ಎಷ್ಟೋ ಹೆಚ್ಚು ತೂಗುತ್ತದೆ.

"ಎಂಬತ್ತರಲ್ಲಿ ನಡುಗುತ್ತೆ, ನೂರು ದಾಟಿದರೆ ಸರಿಹೋಗುತ್ತೆ, ಅಂದರೆ ದೊಡ್ಡ ತೊಂದರೆ ಏನಿಲ್ಲ" ಎಂಬ ಮಾತೂ ಇದೇ ಜಾತಿಯದು. ನೂರು ದಾಟಿದರೆ ದೋಷ ಹೋಗಿರುವುದಿಲ್ಲ, ಅದರ ಬಲ ಇನ್ನೂ ಹೆಚ್ಚಿರುತ್ತದೆ. ಚಕ್ರ ಮತ್ತು ಆಕ್ಸಲ್ಲಿಗೆ ಸ್ಪ್ರಿಂಗಿನ ಮೇಲೆ ಕುಪ್ಪಳಿಸುವ ಒಂದು ಸಹಜ ಲಯ ಇದೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ಒಳಗೆ. ಚಕ್ರದ ಸುತ್ತು ಆ ಲಯಕ್ಕೆ ಕೂಡಿಬಂದಾಗ ನಡುಕ ಉಬ್ಬುತ್ತದೆ, ದಾಟಿದಾಗ ಇಳಿಯುತ್ತದೆ. ಬೇರಿಂಗುಗಳು ತಿನ್ನುವ ಪೆಟ್ಟು ನಮಗೆ ಕೇಳಿಸದೆ ಮುಂದುವರಿಯುತ್ತದೆ.

ಮೌಂಟಿಂಗುಗಳ ಮೇಲಿನ ಆರೋಪವನ್ನೂ ಇಷ್ಟೇ ಎಚ್ಚರದಿಂದ ನೋಡಬೇಕು. ಎಂಜಿನ್ನಿನ, ಗೇರ್ ಬಾಕ್ಸಿನ ಕೆಳಗಿನ ರಬ್ಬರು ನಡುಕವನ್ನು ಹುಟ್ಟಿಸುವುದು ಅಪರೂಪ. ಹುಟ್ಟಿದ ನಡುಕ ಚಾಸಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ರಬ್ಬರು ಕಲ್ಲಾದರೆ ಇದ್ದ ನಡುಕ ಒಳಗೆ ಬರುತ್ತದೆ. ಹೊಸ ರಬ್ಬರು ಹಾಕಿದಾಗ ನೆಮ್ಮದಿ ಸಿಗುವುದು ನಿಜ, ಆದರೆ ತೂಕ ವಾಲಿದ ಶಾಫ್ಟು ಹಾಗೇ ಸುತ್ತುತ್ತಿರುತ್ತದೆ. ಗೇರ್ ಬಾಕ್ಸಿನ ಮೌಂಟಿಂಗ್ ಪೂರ್ತಿ ಕುಸಿದಿದ್ದರೆ ಮಾತು ಬೇರೆ. ಆಗ ಗೇರ್ ಬಾಕ್ಸಿನ ಬಾಲ ಕೆಳಗಿಳಿದು ಮುಂದಿನ ಕ್ರಾಸಿನ ಕೋನವೇ ಕೆಡುತ್ತದೆ, ರಬ್ಬರೇ ನಿಜವಾದ ಕಾರಣವಾಗುತ್ತದೆ.

ಮಾರುತಿ 800ರಂಥ, ಮುಂದಿನ ಚಕ್ರವೇ ಎಳೆಯುವ ಗಾಡಿಗಳಿಗೆ ಪ್ರೊಪೆಲ್ಲರ್ ಶಾಫ್ಟಿನ ಗೊಡವೆಯಿಲ್ಲ. ಅಲ್ಲಿ ಲೆಕ್ಕ ಚಿಕ್ಕ ಟೈರಿನಿಂದ ಶುರುವಾಗುತ್ತದೆ: 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್, ಆದ್ದರಿಂದ 58ರ ವೇಗಕ್ಕೇ ಚಕ್ರ ಸೆಕೆಂಡಿಗೆ 10 ಸುತ್ತು ಮುಟ್ಟುತ್ತದೆ. ಪೂರ್ತಿ ತಿರುಗಿಸುವಾಗ ಕಟಕಟ ಸದ್ದು ಬಂದರೆ ಹೊರಗಿನ ಜಾಯಿಂಟ್. ಮೂರು ಉರುಳೆಯ ಒಳಗಿನ ಜಾಯಿಂಟ್ ಇರುವ ಕಾರುಗಳಲ್ಲಿ, ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಮಾತ್ರ ಗಾಡಿ ಮಗ್ಗುಲಿಂದ ಮಗ್ಗುಲಿಗೆ ತುಯ್ದು, ಕಾಲು ತೆಗೆದೊಡನೆ ನಿಂತರೆ ಆ ಒಳಗಿನ ಜಾಯಿಂಟಿನ ಮೇಲೆ ಅನುಮಾನ ಪಡಬೇಕು. ಅದರ ನಡುಕ ಸುತ್ತಿಗೆ ಮೂರು ಸಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಬಲವಾದ ಮಾತನ್ನು ಕೇಳಲೇಬೇಕು. ದಿನದ ಬಾಡಿಗೆಯ ಮೇಲೆ ಬದುಕುವ ಚಾಲಕನಿಗೆ ಗಾಡಿ ಒಂದು ದಿನ ನಿಂತರೆ ಆಗುವ ನಷ್ಟ ಒಂದು ಕ್ರಾಸಿನ ಬೆಲೆಗಿಂತ ಹೆಚ್ಚು. ಸಾಮಾನು ಅಗ್ಗ, ಯೋಚನೆಗೆ ಹೊತ್ತು ಬೇಕು. ಬದಲಾಯಿಸಿಬಿಡುವುದೇ ಜಾಣತನ ಎಂದು ಆತ ಹೇಳಿದರೆ ತಪ್ಪು ಎನ್ನಲಾರೆ. ಕೈಯಿಂದ ತಿರುಚಿದರೆ ಕ್ರಾಸಿನಲ್ಲಿ ಪ್ಲೇ ಕಾಣುತ್ತಿದೆ, ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದೆ ಎಂದಾದರೆ ಲೆಕ್ಕವೂ ಬೇಡ, ಆ್ಯಪೂ ಬೇಡ, ಬದಲಿಸಿ. ನನ್ನ ತಕರಾರು ಕಣ್ಣಿಗೆ ಕಂಡ ದೋಷದ ಬಗ್ಗೆ ಅಲ್ಲ, ಊಹೆಯ ಮೇಲೆ ಬಿಚ್ಚುವ ಎರಡನೆಯ, ಮೂರನೆಯ ಸಾಮಾನಿನ ಬಗ್ಗೆ. ಅಲ್ಲಿಂದ ಮುಂದೆ ಅಗ್ಗ ಎಂಬ ವಾದ ನಿಲ್ಲುವುದಿಲ್ಲ. ಆಗ ಮತ್ತೆ ಮುಪ್ಪಿನ ಮಾತು ಬರುತ್ತದೆ. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ಹೊತ್ತಿಗೆ, ಒಂದು ಫ್ಲ್ಯಾಂಜನ್ನು ಅರ್ಧ ಸುತ್ತು ತಿರುಗಿಸಿದ್ದರೆ ಸರಿಹೋಗುತ್ತಿದ್ದ ಗಾಡಿ ಗುಜರಿಗೆ ಹೋಗುತ್ತದೆ.

ಮೇಸ್ತ್ರಿಗಳು ಹೀಗೇಕೆ ಮಾಡುತ್ತಾರೆ ಎಂದು ಕೇಳುವ ಮೊದಲು ನಾವು ಅವರಿಗೆ ಯಾವುದಕ್ಕೆ ದುಡ್ಡು ಕೊಡುತ್ತೇವೆ ಎಂದು ಕೇಳಿಕೊಳ್ಳಬೇಕು. ಬಿಲ್ಲಿನಲ್ಲಿ ಸಾಮಾನಿನ ಹೆಸರಿದ್ದರೆ ಮಾತಾಡದೆ ಕೊಡುತ್ತೇವೆ. ಎರಡು ಗಂಟೆ ಗಾಡಿ ಓಡಿಸಿ, ಕೋನ ಅಳೆದು, ಶಾಫ್ಟನ್ನು ತಿರುಗಿಸಿ ಕೂರಿಸಿ "ಆಯ್ತು ಸಾರ್" ಎಂದವರಿಗೆ "ಏನೂ ಹಾಕಿಲ್ಲವಲ್ಲ, ಇಷ್ಟೇಕೆ" ಎನ್ನುತ್ತೇವೆ. ಸಾಮಾನಿಗೆ ಮಾತ್ರ ಬೆಲೆ ಕಟ್ಟುವ ಗಿರಾಕಿಗಳ ನಡುವೆ ಸಾಮಾನು ಬದಲಿಸುವ ಗ್ಯಾರೇಜುಗಳೇ ಉಳಿಯುತ್ತವೆ. ಪತ್ತೆಗೆ ಇಂತಿಷ್ಟು ಎಂದು ಮೊದಲೇ ಮಾತಾಡಿಕೊಂಡು, ದೋಷ ಸಿಗಲಿ ಬಿಡಲಿ ಅದನ್ನು ಕೊಡುವ ರೂಢಿ ಬಂದರೆ ಕಲಿಯುವ ಹುಡುಗರೂ ಅಳೆಯುವುದನ್ನು ಕಲಿತಾರು.

ಡಯಲ್ ಗೇಜ್ ಇಲ್ಲದ, ಶಾಫ್ಟ್ ಬ್ಯಾಲೆನ್ಸ್ ಮಾಡುವ ಯಂತ್ರ ಹತ್ತಿರದಲ್ಲಿಲ್ಲದ ಊರಿನಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳಬಹುದು. ನೀರಿನ ಪೈಪಿಗೆ ಬಿಗಿಯುವ ಸ್ಕ್ರೂ ಕ್ಲಿಪ್ಪುಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಮೊದಲು ಪೇಂಟಿನಿಂದ ಶಾಫ್ಟಿಗೂ ಪಿನಿಯನ್ ಫ್ಲ್ಯಾಂಜಿಗೂ ಸೇರಿ ಒಂದು ಗೆರೆ ಎಳೆಯಿರಿ, ಮೂಲ ಜಾಗ ಕಳೆದುಹೋಗದಿರಲಿ. ಎಂಜಿನ್ ಆರಿಸಿ, ಗಾಡಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಾಫ್ಟಿನ ಹಿಂದಿನ ತುದಿಯ ಸುತ್ತ ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿ. ಒಂದು ಕ್ಲಿಪ್ಪನ್ನು ಅದರ ತಿರುಪಿನ ತಲೆ ಮೊದಲ ಗುರುತಿಗೆ ಬರುವಂತೆ ಬಿಗಿದು, ತಲೆ ಮೇಲಿನ ತಗಡಿಗೆ ತಾಗುವುದಿಲ್ಲವೆಂದು ನೋಡಿಕೊಂಡು, ನಡುಗುವ ವೇಗಕ್ಕೆ ಗಾಡಿ ಓಡಿಸಿ ಬನ್ನಿ. ಆಮೇಲೆ ಎರಡನೆಯ ಗುರುತು, ಮೂರನೆಯದು, ನಾಲ್ಕನೆಯದು. ಒಂದು ಗುರುತಿನಲ್ಲಿ ನಡುಕ ಇಳಿದು ಅದರ ಎದುರು ಗುರುತಿನಲ್ಲಿ ಏರಿದರೆ ಶಾಫ್ಟಿನ ತೂಕ ವಾಲಿದೆ, ಯಾವ ಕಡೆಗೆ ಎಂಬುದೂ ಗೊತ್ತಾಯಿತು. ಇಳಿದ ಗುರುತಿನ ಆಚೀಚೆ ಎರಡು ಕ್ಲಿಪ್ಪುಗಳ ತಲೆಗಳನ್ನು ಸರಿಸುತ್ತ ಇನ್ನಷ್ಟು ಇಳಿಸಬಹುದು, ಅಥವಾ ಆ ಗುರುತಿನ ಸಮೇತ ಶಾಫ್ಟನ್ನು ಬ್ಯಾಲೆನ್ಸಿಂಗಿಗೆ ಕಳಿಸಬಹುದು. ನಾಲ್ಕರಲ್ಲೂ ನಡುಕ ಕೂದಲೆಳೆಯಷ್ಟೂ ಬದಲಾಗದಿದ್ದರೆ ತೂಕವನ್ನು ಬಿಟ್ಟು ಕೋನಗಳನ್ನು ಅಳೆಯಲು ತೊಡಗಿ.